ನಿವೃತ್ತಿಗೊಂದು ಮನೆ, ಬಾಗಿಲ ಮುಂದೊಂದು ಒಣಹಳ್ಳ: ಸ್ಪೇನಿನ ಒಂದು ಪ್ರಕರಣ

2023ರ ಮಾರ್ಚ್‌ನಲ್ಲಿ ಅಕ್ಕ ವಾಟ್ಸಾಪಿಗೆ ಒಂದು ಫೋಟೊ ಕಳಿಸಿದಳು. ಬಿಳಿ ಗೋಡೆಯ ಒಂದೇ ಅಂತಸ್ತಿನ ಮನೆ, ಪಕ್ಕದಲ್ಲಿ ಒಂದು ಹತ್ತು ನಿಂಬೆ ಗಿಡ, ಹಿಂದೆ ಪುಟ್ಟ ಈಜುಕೊಳ. ಕೆಳಗೆ ಒಂದೇ ಸಾಲು: "ನಿಮ್ಮ ಭಾವಾರಿಗೆ ಭಾಳ ಮನಸಿಗೆ ಬಂದೈತಿ. ಮೂರು ಸಾವಿರ ಯೂರೊ ಕೊಟ್ಟ್ವಿ."

ಮೊದಲ ವಾಕ್ಯಕ್ಕೆ ಖುಷಿಯಾಯಿತು. ಎರಡನೆಯದಕ್ಕೆ ಎದೆ ಧಸಕ್ಕೆಂದಿತು. ನಾನು ಬ್ಯಾಂಕಿನಲ್ಲಿ ವರ್ಷಗಟ್ಟಲೆ ಮನೆ ಸಾಲದ ಕಡತ ನೋಡಿದವನು. ಇಸಿ (ಆಸ್ತಿಯ ಮೇಲಿನ ಸಾಲ-ಋಣ ತೋರಿಸುವ ದಾಖಲೆ), ಖಾತೆ, ಮದರ್ ಡೀಡ್, ಲೀಗಲ್ ಒಪಿನಿಯನ್ ನೋಡದೆ ಯಾರಾದರೂ ದುಡ್ಡು ಕೊಟ್ಟರು ಅಂದರೆ ನನಗೆ ಊಟ ಸೇರುವುದಿಲ್ಲ.

ಭಾವ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದು ನಿವೃತ್ತರಾದ ಡಾಕ್ಟರ್. ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್. ಭಾವನಿಗೆ ಒಂದು ಮೊಣಕಾಲಿನ ಆಪರೇಷನ್ ಆಗಿದೆ. ಅಲ್ಲಿನ ಚಳಿ, ಮೋಡ ಸಾಕಾಗಿತ್ತು. ಊರಿಗೆ ಬಂದುಬಿಡಿ ಅಂದರೆ ಮಕ್ಕಳು, ಮೊಮ್ಮಕ್ಕಳು ಇರುವುದು ಅಲ್ಲಿ. ಹಾಗಾಗಿ ಎರಡೂವರೆ ಗಂಟೆಯ ವಿಮಾನ ದೂರದ ಸ್ಪೇನ್. ಲಕ್ಷಾಂತರ ಬ್ರಿಟಿಷರು ಹಿಡಿದ ದಾರಿಯೇ ಅದು, ಇವರದೇನೂ ಹೊಸ ಹುಚ್ಚಲ್ಲ.

ಮನೆ ಇದ್ದದ್ದು ಅಲಿಕಾಂತೆ ಪ್ರಾಂತ್ಯದ ದಕ್ಷಿಣ ತುದಿಯ ವೇಗಾ ಬಾಹಾ ಅನ್ನುವ ಬಯಲಿನಲ್ಲಿ. ಸೆಗುರಾ ನದಿಯ ಬಯಲು ಅದು. ನಿಂಬೆ, ಕಿತ್ತಳೆ ತೋಟಗಳು, ನಡುನಡುವೆ ಒಂಟಿ ಮನೆಗಳು. ಒರಿವೇಲಾ ಅಲ್ಲಿನ ಹಳೆಯ ಪಟ್ಟಣ. ಬೆಲೆ 1,65,000 ಯೂರೊ, ಆಗಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ. ಬೆಂಗಳೂರಿನಲ್ಲಿ ಆ ದುಡ್ಡಿಗೆ ನಿಂಬೆ ಗಿಡದ ಮಾತಿರಲಿ, ಬಾಲ್ಕನಿ ಬಂದರೆ ಪುಣ್ಯ.

ದುಂಡು ಕಲ್ಲು

ಮೊದಲ ದಿನ ಏಜೆಂಟ್ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದ. ಭಾವ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ನೀರು ನುಗ್ಗುತ್ತದಾ?" ಅದಕ್ಕೆ ಬಂದ ಉತ್ತರ: "ಮನೆಗೆ ಇನ್ಶೂರೆನ್ಸ್ ಇದೆ." ಕೇಳಿದ್ದೊಂದು, ಹೇಳಿದ್ದೊಂದು. ಆ ಬಿಸಿಲು, ಆ ನಿಂಬೆ ಹೂವಿನ ವಾಸನೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಬೇರೆ ಯಾರೋ ನೋಡಲು ಬರುತ್ತಿದ್ದಾರೆ ಎಂದು ಅವಸರ ಮಾಡಿದ. ಸಂಜೆಗೆ ರಿಸರ್ವೇಶನ್ ಕಾಗದಕ್ಕೆ ಸಹಿ ಬಿತ್ತು.

ಮರುದಿನ ಅಕ್ಕ ಹಟ ಹಿಡಿದು ಏಜೆಂಟ್ ಇಲ್ಲದೆ ನಡೆದುಕೊಂಡೇ ಹೋಗೋಣ ಅಂದಳು. ಇದೊಂದು ಹಟ ಈ ಪ್ರಕರಣವನ್ನೇ ತಿರುಗಿಸಿತು.

ಮನೆಗೆ ಹೋಗುವ ದಾರಿ ಒಂದು ಅಗಲವಾದ, ಜಲ್ಲಿ ಹಾಸಿದ ತಗ್ಗನ್ನು ದಾಟುತ್ತಿತ್ತು. ಜನ ಅದರಲ್ಲೇ ಕಾರು ನಿಲ್ಲಿಸಿದ್ದರು. ಅಕ್ಕ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳಂತೆ.

"ಏನ್ರೀ, ಈ ಕಲ್ಲು ನೋಡ್ರಿ. ದುಂಡಗ ಅದಾವ."

"ಆದರೇನಾತು?"

"ನೀರು ಉರುಳಿಸಿದ ಕಲ್ರೀ ಇವು. ಇದು ದಾರಿ ಅಲ್ಲ, ಹಳ್ಳ."

ನಮ್ಮದು ನವಲಗುಂದದ ಕಡೆ. ಬೆಣ್ಣಿಹಳ್ಳ ನೋಡುತ್ತ ಬೆಳೆದವರು. ವರ್ಷದ ಬಹುಪಾಲು ದಿನ ಅದರಲ್ಲಿ ಎಮ್ಮೆಯ ಗೊರಸು ನೆನೆಯುವಷ್ಟು ನೀರಿರುವುದಿಲ್ಲ. ಮೇಲೆಲ್ಲೋ ಮಳೆಯಾದರೆ, ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಹೊಲ ಮುಳುಗಿರುತ್ತದೆ. ಸ್ಪೇನಿನವರು ಇಂಥ ಹಳ್ಳಕ್ಕೆ ರಾಂಬ್ಲಾ ಅನ್ನುತ್ತಾರೆ. ಮರಳು ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದ ಪದ. ಬಾರ್ಸಿಲೋನಾದ ಪ್ರಸಿದ್ಧ ಲಾ ರಾಂಬ್ಲಾ ಬೀದಿ ಕೂಡ ಒಂದು ಕಾಲದಲ್ಲಿ ಹಳ್ಳವೇ.

ಹಳ್ಳದ ದಂಡೆಯಿಂದ ಮನೆಯ ಗೇಟಿಗೆ ಅಕ್ಕ ಹೆಜ್ಜೆ ಎಣಿಸಿದಳು. 62.

ಆಮೇಲೆ ಅಕ್ಕಪಕ್ಕದ ಮನೆಗಳನ್ನು ನೋಡಿದಳು. ಎರಡು ಮನೆಗಳ ಮುಂಬಾಗಿಲ ಎರಡೂ ಪಕ್ಕ, ನೆಲದಿಂದ ಸೊಂಟದವರೆಗೆ, ಲೋಹದ ಸಣ್ಣ ಪಟ್ಟಿ ಕೂರಿಸಿದ್ದರು. ಪಟ್ಟಿಯ ನಡುವೆ ಉದ್ದ ಸೀಳು ಕೊರೆದಿತ್ತು. ನೀರು ಬರುವ ಸುದ್ದಿ ಸಿಕ್ಕರೆ ಅಲ್ಯೂಮಿನಿಯಂ ಹಲಗೆ ಇಳಿಬಿಡುವುದಕ್ಕೆ. ಇನ್ನೊಂದು ಮನೆಯಲ್ಲಿ ಕರೆಂಟ್ ಮೀಟರಿನ ಪೆಟ್ಟಿಗೆ ಎದೆಮಟ್ಟಕ್ಕೆ ಏರಿತ್ತು, ಹಳೆಯ ಪೆಟ್ಟಿಗೆ ಇದ್ದ ಗೂಡನ್ನು ಕೆಳಗೆ ಸಿಮೆಂಟ್ ಹಾಕಿ ಮುಚ್ಚಿದ್ದರು. ಇವರು ಮುಂಗಡ ಕೊಟ್ಟ ಮನೆಯಲ್ಲಿ ಪಟ್ಟಿಯೂ ಇಲ್ಲ, ಸೀಳೂ ಇಲ್ಲ. ಆದರೆ ಹಿಂದಿನ ಗೋಡೆಗೆ ಸೊಂಟದವರೆಗೆ ಮಾತ್ರ ಹೊಸ ಬಣ್ಣ. ಮೇಲಿನದು ಬಿಸಿಲಿಗೆ ಹಳದಿ ತಿರುಗಿತ್ತು.

ಬ್ರೆಡ್ ಅಂಗಡಿಯ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಕ್ಕನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅಕ್ಕ ಹಳ್ಳದ ಕಡೆ ಕೈ ತೋರಿಸಿದಳು. ಅಜ್ಜಿ ಕೌಂಟರಿನ ಹೊರಗೆ ಬಂದು ತನ್ನ ತೊಡೆಗೆ ಕೈ ಅಡ್ಡ ಹಿಡಿದು, "2019" ಎಂದು ಕಾಗದದ ಚೀಲದ ಮೇಲೆ ಬರೆದುಕೊಟ್ಟಳು. ಆ ಚೀಲ ಈಗಲೂ ಅಕ್ಕನ ಹತ್ತಿರ ಇದೆ.

2019ರ ಸೆಪ್ಟೆಂಬರ್ ಎರಡನೇ ವಾರದಲ್ಲಿ ಆ ಬಯಲಿನ ಮೇಲೆ ಭಾರಿ ಮಳೆ ಸುರಿದಿತ್ತು. ಅಲ್ಮೊರಾದಿ ಹತ್ತಿರ ಸೆಗುರಾ ನದಿಯ ಒಡ್ಡು ಒಡೆಯಿತು. ಒರಿವೇಲಾ ಪಟ್ಟಣಕ್ಕೆ ಹೊರಗಿನ ದಾರಿಗಳೇ ಕಡಿದುಹೋದವು. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಸಮುದ್ರದ ಮೇಲೆ, ಎತ್ತರದಲ್ಲಿ, ತಣ್ಣನೆಯ ಗಾಳಿಯ ಒಂದು ತುಂಡು ಬಂದು ನಿಂತರೆ ಹೀಗಾಗುತ್ತದೆ. ಹಳಬರು ಇದನ್ನು ಗೋತಾ ಫ್ರಿಯಾ, ಅಂದರೆ ತಣ್ಣನೆ ಹನಿ, ಅನ್ನುತ್ತಾರೆ. ಹವಾಮಾನ ಇಲಾಖೆ ದಾನಾ ಅನ್ನುತ್ತದೆ. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಕಾಣುವ ಸೀಮೆ ಅದು. ಅಷ್ಟೂ ಮಳೆ ಎರಡು ದಿನದಲ್ಲಿ ಬಿದ್ದರೆ ಎಲ್ಲಿಗೆ ಹೋಗಬೇಕು? ಮಾರ್ಚ್‌ನಲ್ಲಿ ಮನೆ ನೋಡಲು ಹೋದವರಿಗೆ ಇದು ಕಾಣುವುದೇ ಇಲ್ಲ.

ಹುಬ್ಬಳ್ಳಿಯಲ್ಲಿ ಕೂತು ನೋಡಿದ ನಕ್ಷೆ

ಇನ್ನು ನನ್ನ ಪಾಲಿನ ಕೆಲಸ. ಸ್ಪೇನಿನಲ್ಲಿ ಪ್ರತಿ ಆಸ್ತಿಗೂ ಕತಾಸ್ತ್ರೋ ಎಂಬ ಸರ್ಕಾರಿ ದಾಖಲೆಯಲ್ಲಿ 20 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಜಾಗದ ಗಡಿ ಕಾಣುತ್ತದೆ. ಏಜೆಂಟರ ಜಾಹೀರಾತಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು. ಅಕ್ಕ ತರಿಸಿಕೊಟ್ಟಳು.

ಪ್ರವಾಹ ವಲಯಗಳ ರಾಷ್ಟ್ರೀಯ ನಕ್ಷೆ ಅಲ್ಲಿ ಎಲ್ಲರಿಗೂ ತೆರೆದಿದೆ, ಬಿಟ್ಟಿ. 10, 50, 100, 500 ವರ್ಷ ಎಂದು ಪದರಗಳಿವೆ. 100 ವರ್ಷದ ಪದರ ಹಾಕಿದೆ. ಮನೆ, ಕೊಳ, ಗಿಡ ಎಲ್ಲಾ ಒಳಗೆ. 50ರ ಪದರ ಹಾಕಿದೆ. ನಿಂಬೆ ಗಿಡಗಳ ಅರ್ಧಕ್ಕೆ ಬಂದು ನಿಂತಿತು.

ಭಾವನಿಗೆ ಹೇಳಿದಾಗ ಅವರು ನಕ್ಕರು. "ನೂರು ವರ್ಷಕ್ಕೊಮ್ಮೆ ಅಲ್ವಾ? 2019ರಲ್ಲಿ ಬಂದು ಹೋಗಿದೆ. ಇನ್ನು ನನ್ನ ಮೊಮ್ಮಕ್ಕಳ ಕಾಲಕ್ಕೆ."

ಇಷ್ಟು ಓದಿದ ಡಾಕ್ಟರರೂ ಇಲ್ಲೇ ಎಡವುತ್ತಾರೆ. 100 ವರ್ಷದ ಪ್ರವಾಹ ಅಂದರೆ ಸರದಿ ಪ್ರಕಾರ ಬರುವ ಜಾತ್ರೆ ಅಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ, ಕಳೆದ ವರ್ಷ ಬಂದಿರಲಿ, ಬಿಟ್ಟಿರಲಿ. 65ಕ್ಕೆ ಮನೆ ಕೊಂಡು 90ರವರೆಗೆ ಇರುತ್ತೀರಿ ಅಂದುಕೊಳ್ಳಿ. ಆ 25 ವರ್ಷದಲ್ಲಿ ಒಮ್ಮೆಯಾದರೂ ಅಂಥ ನೀರು ಕಾಣುವ ಸಾಧ್ಯತೆ 22%. 50 ವರ್ಷದ ವಲಯದಲ್ಲಿದ್ದರೆ ಸುಮಾರು 40%. 500ರ ವಲಯದಲ್ಲಿದ್ದರೆ 5%ಕ್ಕೆ ಇಳಿಯುತ್ತದೆ. ಭಾವನಿಗೆ ನಾನು ಕೇಳಿದ್ದು ಇಷ್ಟೇ: 22% ಸಾವಿನ ಅಪಾಯ ಇರುವ ಆಪರೇಷನ್‌ಗೆ ನೀವು ರೋಗಿಯ ಹತ್ತಿರ ಹೇಗೆ ಮಾತಾಡುತ್ತಿದ್ದಿರಿ? ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ವಾಲೆನ್ಸಿಯಾ ಪ್ರದೇಶದ ಸರ್ಕಾರಕ್ಕೆ ಪಾತ್ರಿಕೋವಾ ಎಂಬ ತನ್ನದೇ ಯೋಜನೆ ಇದೆ, 2003ರದ್ದು, 2015ರಲ್ಲಿ ಪರಿಷ್ಕರಿಸಿದ್ದು. ಅಲಿಕಾಂತೆ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಅದು ನೀರು ಎಷ್ಟು ಸಲ ಬರುತ್ತದೆ ಎಂಬುದರ ಜೊತೆ ಎಷ್ಟು ಆಳ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ 1ರಿಂದ 6ರವರೆಗೆ ಮಟ್ಟ ಕೊಡುತ್ತದೆ. ಈ ಜಾಗ 2ನೇ ಮಟ್ಟ. ಅಂದರೆ 25ರಿಂದ 100 ವರ್ಷದ ನಡುವಿನ ಪ್ರವಾಹ, ಆಳ 80 ಸೆಂಟಿಮೀಟರಿಗಿಂತ ಜಾಸ್ತಿ. ಅಜ್ಜಿ ತೊಡೆಗೆ ಕೈ ಅಡ್ಡ ಹಿಡಿದದ್ದಕ್ಕೂ ಸರ್ಕಾರದ ಲೆಕ್ಕಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಯಾರ ವಕೀಲ?

"ವಕೀಲರು ನಮ್ಮಲ್ಲೇ ಇದ್ದಾರೆ, ನೀವು ಚಿಂತೆ ಬಿಡಿ" ಎಂದು ಏಜೆಂಟ್ ಹೇಳಿದ್ದ. ವಕೀಲರ ಆಫೀಸು ಅವನ ಆಫೀಸಿನ ಮೇಲಿನ ಮಹಡಿಯಲ್ಲಿ. ಒಳ್ಳೆಯವರೇ ಇರಬಹುದು. ಆದರೆ ಮಾರಾಟ ಆದರೆ ಮಾತ್ರ ಏಜೆಂಟನಿಗೆ ಕಮಿಷನ್. ಅವನಿಂದಲೇ ತಿಂಗಳು ತಿಂಗಳು ಕೆಲಸ ಪಡೆಯುವ ವಕೀಲ "ಇದನ್ನು ಕೊಳ್ಳಬೇಡಿ" ಅನ್ನುವುದು ಎಷ್ಟು ಸಲ?

ನೋಟರಿ ವಿಷಯದಲ್ಲೂ ಭಾವನಿಗೆ ತಪ್ಪು ಕಲ್ಪನೆ ಇತ್ತು. ನಮ್ಮಲ್ಲಿ ನೋಟರಿ ಅಂದರೆ ಕೋರ್ಟ್ ಮುಂದೆ ಮೇಜು ಹಾಕಿಕೊಂಡು ಸೀಲ್ ಒತ್ತುವವರು ನೆನಪಾಗುತ್ತಾರೆ. ಸ್ಪೇನಿನಲ್ಲಿ ಅವರು ಕಠಿಣ ಪರೀಕ್ಷೆ ಪಾಸಾದ, ಸರ್ಕಾರ ನೇಮಿಸಿದ ಅಧಿಕಾರಿ. ಕ್ರಯಪತ್ರ ಅವರೆದುರೇ ಆಗಬೇಕು. ಅಷ್ಟು ದೊಡ್ಡವರು ನೋಡುತ್ತಾರಲ್ಲ, ಬೇರೆ ವಕೀಲ ಯಾಕೆ ಎಂದು ಭಾವನ ವಾದ. ಅವರು ನೋಡುವುದು ಮಾರುವವರ ಗುರುತು, ಮಾಲೀಕತ್ವ, ಸಾಲ, ಹಣ ಕೊಟ್ಟ ರೀತಿ. ಅವರು ಎರಡೂ ಕಡೆಯವರಿಗೆ ಸಮಾನ, ನಿಮ್ಮ ಪರ ಅಲ್ಲ. ಹಳ್ಳ ಎಷ್ಟು ಹೆಜ್ಜೆ ದೂರ ಎಂದು ಅವರು ಕೇಳುವುದಿಲ್ಲ.

ಸ್ಪೇನಿನ ವಕೀಲರ ಮಂಡಳಿಯ ಪಟ್ಟಿ ಆನ್‌ಲೈನಿನಲ್ಲಿದೆ. ಅದರಲ್ಲಿ ಹೆಸರು ಇರುವ, ಇಂಗ್ಲಿಷ್ ಬಲ್ಲ ಮೂವರೊಂದಿಗೆ ಅಕ್ಕ ಫೋನಿನಲ್ಲಿ ಮಾತಾಡಿದಳು. ನಾನು ಹೇಳಿಕೊಟ್ಟ ಪ್ರಶ್ನೆ ಒಂದೇ: "ಕಳೆದ ವರ್ಷ ಯಾವ ಕಕ್ಷಿಗಾರರಿಗೆ ಬೇಡ ಎಂದು ಹೇಳಿದಿರಿ, ಯಾಕೆ?" ಇಬ್ಬರು ಫೀಸಿನ ಬಗ್ಗೆ ಮಾತಾಡಿದರು. ಮೂರನೆಯವರು, ಒಬ್ಬ ಮಹಿಳೆ, ಹೆಸರು ಹೇಳದೆ ಎರಡು ಪ್ರಕರಣ ವಿವರಿಸಿದರು. ಅವರನ್ನೇ ಹಿಡಿದೆವು. ಫೀಸು ಮನೆ ಬೆಲೆಯ 1% ಮತ್ತು ಅದರ ಮೇಲೆ 21% ತೆರಿಗೆ.

ಅವರು ಮೊದಲು ತರಿಸಿದ್ದು ನೋಟಾ ಸಿಂಪ್ಲೆ. ನಮ್ಮ ಇಸಿಯ ಅಣ್ಣ ಅಂದುಕೊಳ್ಳಿ. ನೋಂದಣಿ ಕಚೇರಿಯಿಂದ ಹತ್ತು ಯೂರೊ ಆಸುಪಾಸಿಗೆ ಸಿಗುತ್ತದೆ. ಮಾಲೀಕರು ಯಾರು, ಅಡಮಾನ ಇದೆಯೇ, ಕಟ್ಟಡ ಎಷ್ಟು ಎಂದು ಹೇಳುತ್ತದೆ. ಅದರ ಪ್ರಕಾರ ಮನೆ 68 ಚದರ ಮೀಟರ್, ಕೊಳದ ಸುದ್ದಿಯೇ ಇಲ್ಲ. ತೆರಿಗೆಯ ದಾಖಲೆಯಾದ ಕತಾಸ್ತ್ರೋದಲ್ಲಿ 112 ಚದರ ಮೀಟರ್, ಕೊಳವೂ ಇದೆ. ಕಂದಾಯ ಕಟ್ಟಿಸಿಕೊಂಡಿದ್ದಾರೆ, ಪರವಾನಗಿ ಕೊಟ್ಟಿಲ್ಲ. ಬಿ ಖಾತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಅದು ಕೃಷಿ ಜಮೀನು. ಹಳ್ಳದ ದಂಡೆಯಿಂದ 100 ಮೀಟರ್ ಒಳಗೆ ಏನು ಕಟ್ಟಬೇಕಾದರೂ ನದಿ ಕಣಿವೆಯ ಪ್ರಾಧಿಕಾರ ಗಮನಿಸುತ್ತದೆ, ಇಲ್ಲಿ ಸೆಗುರಾದ್ದು. ಅದರ ಅನುಮತಿಯೂ ಇರಲಿಲ್ಲ.

2016ರ ಒಂದು ರಾಜಾಜ್ಞೆಯ ಪ್ರಕಾರ, ಪ್ರವಾಹ ವಲಯದಲ್ಲಿ ಹೊಸದಾಗಿ ಕಟ್ಟುವವರು ಆ ವಿಷಯವನ್ನು ನೋಂದಣಿ ದಾಖಲೆಯಲ್ಲೇ ಬರೆಸಬೇಕು. ಹಳೆಯ ಮನೆಗಳಿಗೆ ಆ ಷರಾ ಇರುವುದಿಲ್ಲ. ಹಾಗಾಗಿ ನೋಟಾ ಸಿಂಪ್ಲೆ ಸ್ವಚ್ಛವಾಗಿ ಕಂಡಿತು ಅಂದರೆ ನೀರಿನ ಭಯವಿಲ್ಲ ಎಂದರ್ಥ ಅಲ್ಲ.

ಭಾವನಿಗೆ ಕೊನೆಗೂ ಚುಚ್ಚಿದ್ದು ವಕೀಲೆ ಬರೆದ ಒಂದು ವಾಕ್ಯ. ಸಕ್ರಮವಲ್ಲದ ಕಟ್ಟಡವನ್ನು ಕಾಲ ಮೀರಿದ್ದರಿಂದ ಕೆಡವದೇ ಇರಬಹುದು. ಆದರೆ ಅದಕ್ಕೆ ಸುಣ್ಣಬಣ್ಣ, ಸಣ್ಣ ರಿಪೇರಿ ಬಿಟ್ಟು ಬೇರೆ ಪರವಾನಗಿ ಸಿಗುವುದು ಕಷ್ಟ. ನೀರು ಬಂದು ಗೋಡೆ ಬಿದ್ದರೆ ಮತ್ತೆ ಕಟ್ಟಲು ಆಗಲಿಕ್ಕಿಲ್ಲ. ಅಲ್ಲಿಯವರೆಗೆ ನಾವು ನೀರನ್ನು ಒಂದು ಕಡತ, ಕಾಗದವನ್ನು ಇನ್ನೊಂದು ಕಡತ ಅಂದುಕೊಂಡಿದ್ದೆವು. ಈ ಮನೆಯಲ್ಲಿ ಒಂದರ ತಪ್ಪು ಇನ್ನೊಂದರ ಕುತ್ತಿಗೆ ಹಿಡಿದಿತ್ತು.

ಕೆಡವುವುದೂ ಬರೀ ಬೆದರಿಕೆಯಲ್ಲ. 2008ರ ಜನವರಿಯಲ್ಲಿ ಆಲ್ಮೇರಿಯಾ ಪ್ರಾಂತ್ಯದ ವೇರಾದಲ್ಲಿ, ಪುರಸಭೆಯ ಪರವಾನಗಿ ಇಟ್ಟುಕೊಂಡೇ ಮನೆ ಕಟ್ಟಿದ್ದ ಒಂದು ಬ್ರಿಟಿಷ್ ವೃದ್ಧ ದಂಪತಿಯ ಮನೆಯನ್ನು ಕೆಡವಿದರು. ಆ ಪರವಾನಗಿಯೇ ತಪ್ಪು ಎಂದು ಆಂಡಲೂಸಿಯಾ ಪ್ರದೇಶದ ಸರ್ಕಾರ ರದ್ದು ಮಾಡಿಸಿತ್ತು.

ಮೂರು ಸಾವಿರ ಯೂರೊ

ಮುಂದಿನ ವಾರ ಆರ್ರಾಸ್ ಒಪ್ಪಂದ ಆಗಬೇಕಿತ್ತು. ನಮ್ಮ ಸೇಲ್ ಅಗ್ರಿಮೆಂಟ್ ಇದ್ದ ಹಾಗೆ, ಸಾಮಾನ್ಯವಾಗಿ 10% ಕೊಡಬೇಕು. ಸಿವಿಲ್ ಕೋಡ್‌ನ 1454ನೇ ವಿಧಿಯಡಿ ಬರೆಸಿದರೆ, ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಇಮ್ಮಡಿ ಕೊಡಬೇಕು. 16,500 ಯೂರೊ ಕೈಬಿಡುವ ಮೊದಲು ವಕೀಲೆ ತಡೆದರು.

ರಿಸರ್ವೇಶನ್‌ಗೆ ಕೊಟ್ಟ 3,000 ವಾಪಸ್ ಕೊಡುವುದಿಲ್ಲ ಎಂದು ಏಜೆಂಟ್ ಪಟ್ಟು ಹಿಡಿದ. ಕಾಗದದಲ್ಲಿ ಹಾಗೇ ಬರೆದಿತ್ತು ಕೂಡ. ಪ್ರವಾಹದ ನಕ್ಷೆ ತೋರಿಸಿದರೆ, ಅದು ಎಲ್ಲರಿಗೂ ಕಾಣುವಂಥದ್ದು, ನೋಡದೇ ಇದ್ದದ್ದು ನಿಮ್ಮ ತಪ್ಪು ಅಂದ. ಒಂದು ಲೆಕ್ಕಕ್ಕೆ ಅವನ ಮಾತು ಸರಿ. ಕೊಂಡಾದ ಮೇಲೆ ಗುಪ್ತ ದೋಷ ಎಂದು ದಾವೆ ಹಾಕಲು ಸಿವಿಲ್ ಕೋಡ್ ಕೊಡುವುದು ಆರೇ ತಿಂಗಳು. ಸಾರ್ವಜನಿಕ ನಕ್ಷೆಯಲ್ಲಿರುವುದನ್ನು ಗುಪ್ತ ಎಂದು ಒಪ್ಪಿಸುವುದು ಸುಲಭವಲ್ಲ.

ವಕೀಲೆ ನೀರಿನ ಮಾತು ಬಿಟ್ಟು ಕೊಳದ ಮಾತು ಹಿಡಿದರು. ರಿಸರ್ವೇಶನ್ ಕಾಗದದ ಮೂರನೇ ಸಾಲಿನಲ್ಲಿ "112 ಚದರ ಮೀಟರ್, ಕೊಳಸಹಿತ, ದಾಖಲೆಗಳು ಕ್ರಮಬದ್ಧ" ಎಂದಿತ್ತು. ನೋಟಾ ಸಿಂಪ್ಲೆ ಮುಂದಿಟ್ಟು ಒಂದು ಪತ್ರ ಬರೆದರು. ಐದು ವಾರಕ್ಕೆ ದುಡ್ಡು ವಾಪಸ್ ಬಂತು. ಮನೆ ಬೇಡವಾದದ್ದು ಹಳ್ಳದಿಂದ, ದುಡ್ಡು ಬಂದದ್ದು ಈಜುಕೊಳದಿಂದ. ಭಾವ ಇದನ್ನು ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಇನ್ಶೂರೆನ್ಸ್ ಬಗ್ಗೆ ಏಜೆಂಟ್ ಸುಳ್ಳು ಹೇಳಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಸ್ಪೇನಿನ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಮನೆಗೆ ಸಾಮಾನ್ಯ ವಿಮೆ ಇದ್ದರೆ ಸಾಕು, ಪ್ರವಾಹದ ನಷ್ಟವನ್ನು ಕಾನ್ಸೊರ್ಸಿಯೊ ಎಂಬ ಸರ್ಕಾರಿ ಸಂಸ್ಥೆ ಕೊಡುತ್ತದೆ. ಅದಕ್ಕೆ ಮನೆಗಳ ಮೇಲಿನ ಸರ್ಚಾರ್ಜ್ ಸಾವಿರಕ್ಕೆ 0.07. ಎರಡು ಲಕ್ಷ ಯೂರೊ ವಿಮೆಗೆ ವರ್ಷಕ್ಕೆ 14 ಯೂರೊ. ಅಪಾಯದ ವಲಯದಲ್ಲಿದ್ದರೂ ಅಷ್ಟೇ, ಗುಡ್ಡದ ಮೇಲಿದ್ದರೂ ಅಷ್ಟೇ. ಹೊಸ ಪಾಲಿಸಿಗೆ ಏಳು ದಿನ ಕಾಯಬೇಕು, ಮೋಡ ಕಂಡ ಮೇಲೆ ಓಡಿ ಹೋಗಿ ಮಾಡಿಸಿದರೆ ನಡೆಯದು. ಆದರೆ ಅದು ಸೋಫಾಕ್ಕೆ ದುಡ್ಡು ಕೊಡುತ್ತದೆ. ರಾತ್ರಿ ಎಂಟಕ್ಕೆ ಮೊಣಕಾಲು ನೋವಿನ ಮನುಷ್ಯ ಒಂದೇ ಅಂತಸ್ತಿನ ಮನೆಯಲ್ಲಿ ಎಲ್ಲಿಗೆ ಹತ್ತಬೇಕು?

ಆಮೇಲೆ

ವೀಸಾ ವಿಷಯ ಚುಟುಕಾಗಿ. ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ 180 ದಿನದಲ್ಲಿ 90 ದಿನ ಮಾತ್ರ. ಮನೆ ಕೊಂಡರೂ ಅದೇ. ಜಾಸ್ತಿ ಇರಬೇಕಾದರೆ ದುಡಿಮೆ ಇಲ್ಲದೆ ಬದುಕುವಷ್ಟು ಆದಾಯ ತೋರಿಸುವ ವೀಸಾ ಬೇಕು. 2023ರಲ್ಲಿ ದಂಪತಿಗೆ ವರ್ಷಕ್ಕೆ 36,000 ಯೂರೊ. ಮನೆ ಕೊಂಡವರಿಗೆ ಕೊಡುತ್ತಿದ್ದ ಗೋಲ್ಡನ್ ವೀಸಾ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಇಲ್ಲಿಂದ ದುಡ್ಡು ಕಳಿಸಿ ಕೊಳ್ಳುವವರಿಗೆ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟ ಯೋಜನೆ) ಮಿತಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್. ಆ ಆಸ್ತಿಯನ್ನು ಐಟಿ ರಿಟರ್ನ್‌ನಲ್ಲಿ ತೋರಿಸಲು ಮರೆಯಬೇಡಿ.

ಎರಡನೇ ಸಲ ಅವಸರ ಮಾಡಲಿಲ್ಲ. 2023ರ ಸೆಪ್ಟೆಂಬರ್, ಅಕ್ಟೋಬರ್ ಅಲ್ಲೇ ಬಾಡಿಗೆಗಿದ್ದರು. ಮಳೆಗಾಲ ನೋಡಬೇಕು ಅನ್ನುವುದು ಅಕ್ಕನ ಷರತ್ತು. 2024ರ ಫೆಬ್ರವರಿಯಲ್ಲಿ ಸ್ವಲ್ಪ ಎತ್ತರದ ಒಂದು ಊರಿನಲ್ಲಿ ಎರಡನೇ ಮಹಡಿಯ ಫ್ಲಾಟ್ ಕೊಂಡರು. 500 ವರ್ಷದ ಪದರ ಹಾಕಿದರೂ ಆ ಬೀದಿ ಬೆಳ್ಳಗೇ ಉಳಿಯುತ್ತದೆ. ನೆಲದಡಿಯ ಗ್ಯಾರೇಜ್ ಅಗ್ಗಕ್ಕೆ ಕೊಡುತ್ತೇವೆ ಅಂದರು, ತೆಗೆದುಕೊಳ್ಳಲಿಲ್ಲ. 10% ವರ್ಗಾವಣೆ ತೆರಿಗೆ, ನೋಟರಿ, ನೋಂದಣಿ, ವಕೀಲೆ ಎಲ್ಲ ಸೇರಿ ಬೆಲೆಯ ಮೇಲೆ ಹೆಚ್ಚುಕಡಿಮೆ 13% ಖರ್ಚಾಯಿತು. ನಿಂಬೆ ಗಿಡ ಇಲ್ಲ. ಬಾಲ್ಕನಿಯಲ್ಲಿ ಕುಂಡದಲ್ಲಿ ಕರಿಬೇವು.

2024ರ ಅಕ್ಟೋಬರ್ 29ರಂದು ವಾಲೆನ್ಸಿಯಾ ನಗರದ ಸುತ್ತಲಿನ ಊರುಗಳಲ್ಲಿ ಏನಾಯಿತು ಎಂದು ಜಗತ್ತೇ ನೋಡಿತು. ತುರಿಸ್ ಎಂಬಲ್ಲಿ 24 ಗಂಟೆಯಲ್ಲಿ 771.8 ಮಿಲಿಮೀಟರ್ ಮಳೆ, ಬೆಂಗಳೂರಿಗೆ ವರ್ಷವಿಡೀ ಬೀಳುವುದರ ಮುಕ್ಕಾಲಿಗೂ ಜಾಸ್ತಿ. ಪೋಯೊ ಎಂಬ ಒಣಹಳ್ಳ ಉಕ್ಕಿ ಪಾಯ್ಪೋರ್ತಾದ ಬೀದಿಗಳಿಗೆ ನುಗ್ಗಿತು. ಪಾಯ್ಪೋರ್ತಾದಲ್ಲಿ ಅವತ್ತು ಮಳೆಯೇ ಹೆಚ್ಚೇನೂ ಇರಲಿಲ್ಲ, ನೀರು ಮೇಲಿಂದ ಬಂತು. ಮೊಬೈಲುಗಳಿಗೆ ಎಚ್ಚರಿಕೆ ಬಂದದ್ದು ರಾತ್ರಿ 8:11ಕ್ಕೆ, ಅಷ್ಟು ಹೊತ್ತಿಗೆ ಎಷ್ಟೋ ಜನ ಮುಳುಗಿದ್ದರು. ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ 70 ದಾಟಿದವರು. ನೆಲಮಹಡಿಯಲ್ಲಿ, ಗ್ಯಾರೇಜಿನಲ್ಲಿ ಸಿಕ್ಕಿಕೊಂಡವರು ಎಷ್ಟೋ.

ಅವತ್ತು ವೇಗಾ ಬಾಹಾಕ್ಕೆ ಏನೂ ಆಗಲಿಲ್ಲ. ನಿಂಬೆ ಗಿಡದ ಮನೆಗೂ ಏನೂ ಆಗಲಿಲ್ಲ. ಅದನ್ನು ಬಚ್ಚಿಟ್ಟು ಕತೆ ಹೇಳುವುದು ಸರಿಯಲ್ಲ.

ಕಳೆದ ವರ್ಷ ಅಕ್ಕ ಆ ದಾರಿಯಲ್ಲಿ ಹೋದಾಗ ಮತ್ತೊಂದು ಫೋಟೊ ಕಳಿಸಿದಳು. ಮನೆ ಮಾರಾಟವಾಗಿತ್ತು. ಅಂಗಳದಲ್ಲಿ ಯಾರದೋ ಎರಡು ಸೈಕಲ್, ಹಗ್ಗದ ಮೇಲೆ ಟವೆಲ್. ಮುಂಬಾಗಿಲ ಎರಡೂ ಪಕ್ಕ, ಇನ್ನೂ ಪ್ಲಾಸ್ಟಿಕ್ ಹಾಳೆ ಕೀಳದ, ಹೊಚ್ಚಹೊಸ ಲೋಹದ ಪಟ್ಟಿ.

"ಅವರಿಗೆ ಯಾರೋ ಹೇಳ್ಯಾರ ನೋಡು" ಎಂದು ಕೆಳಗೆ ಬರೆದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮೆಸೇಜು ಬಂತು: "ಕೊಳ್ಳೂಕಿಂತ ಮೊದಲೋ, ಕೊಂಡ ಮ್ಯಾಲೋ?"